ತೋಟ ಅಡ ಇಡುವ ಮೊದಲು

ಪ್ರೀತಿಯ ಪುಟ್ಟಿ,

ಭಾನುವಾರ ಅಣ್ಣ, ಅಂದರೆ ನಿನ್ನ ಅಪ್ಪ, ಫೋನ್ ಮಾಡಿದ್ದ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಅರ್ಧ ಗಂಟೆ ನಿನ್ನದೇ ಮಾತು. "ಜರ್ಮನಿಯಲ್ಲಿ ಓದು ಫ್ರೀ ಅಂತೆ, ಸರ್ಕಾರವೇ ತಿಂಗಳು ತಿಂಗಳು ದುಡ್ಡು ಕೊಡುತ್ತಂತೆ, ಹೌದಾ?" ಎಂದು ಕೇಳಿದ. ಕೊನೆಗೆ ಮೆಲ್ಲಗೆ, ನಿನ್ನನ್ನು ಇಲ್ಲಿಗೆ ಓದಲು ಕಳಿಸಲು ಕೆಳಗಿನ ತೋಟ ಅಡ ಇಡುವ ಮಾತೂ ಬಂತು. ಅವತ್ತಿನಿಂದ ನನಗೆ ಸಮಾಧಾನವಿಲ್ಲ.

ದುಡ್ಡು ಕೊಡುವುದು ನಿಜ. ಇಲ್ಲಿ ಜರ್ಮನಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗನಿಗೆ ಬರುತ್ತದೆ. ಬಾಫೆಗ್ ಎನ್ನುತ್ತಾರೆ, 1971ರಿಂದ ಇದೆ. ಅಪ್ಪ ಅಮ್ಮನ ಸಂಪಾದನೆ ನೋಡಿ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡುತ್ತಾರೆ. ಅರ್ಧ ಸುಮ್ನೆ ಕೊಟ್ಟದ್ದು, ಇನ್ನರ್ಧ ಬಡ್ಡಿಯಿಲ್ಲದ ಸಾಲ. ಎಷ್ಟೇ ಪಡೆದಿರಲಿ, 10,010 ಯೂರೋಗಿಂತ ಜಾಸ್ತಿ ವಾಪಸ್ ಕಟ್ಟಬೇಕಿಲ್ಲ. ಎಂಥ ಒಳ್ಳೆಯ ಏರ್ಪಾಡು ಅಲ್ವಾ! ಆದರೆ ಪುಟ್ಟಿ, ಅದು ಇಲ್ಲಿಯವರಿಗೆ, ಇಲ್ಲೇ ನೆಲೆ ನಿಂತವರಿಗೆ. ಓದಲೆಂದು ವೀಸಾ ಮಾಡಿಸಿಕೊಂಡು ಬರುವ ನಿನಗಲ್ಲ.

ನಾನು ಬಂದ ವರ್ಷ ಇದು ಗೊತ್ತಿರಲಿಲ್ಲ. "ಅಲ್ಲಿಗೆ ಹೋದ ಮೇಲೆ ಎಲ್ಲ ಸಿಗುತ್ತೆ" ಎಂದು ಏಜೆಂಟನೊಬ್ಬ ಹೇಳಿದ್ದ. ಕಾಗದಪತ್ರವನ್ನೆಲ್ಲ ಫೈಲಿಗೆ ಹಾಕಿಕೊಂಡು ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ವೀಸಾದ ಪುಟ ಒಂದನ್ನೇ ನೋಡಿದರು. ಫೈಲು ಮುಚ್ಚಿ ನನ್ನ ಕಡೆ ಸರಿಸಿದರು. ಆ ಚಳಿಗಾಲ ಪೂರ್ತಿ ಅನ್ನ, ಮೊಸರು, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ. ಮನೆಯಲ್ಲಿ ಯಾರಿಗೂ ಇವತ್ತಿನವರೆಗೆ ಹೇಳಿಲ್ಲ. ನಿನಗೆ ಹೇಳಬೇಕು ಅನ್ನಿಸಿತು.

ಬೇರೆ ಕಡೆಯೂ ಹೀಗೇ. ಅಮೆರಿಕದ ಸರ್ಕಾರ ಓದುವವರಿಗೆ ಕೊಡುವ ಪೆಲ್ ಗ್ರಾಂಟ್, ಇಂಗ್ಲೆಂಡಿನ ಸ್ಟೂಡೆಂಟ್ ಲೋನ್ ಎಲ್ಲ ಮೊದಲು ಅವರವರ ಮಕ್ಕಳಿಗೆ. ಫೀಸೇ ಇಲ್ಲದಿದ್ದ ನಾರ್ವೆಯೂ 2023ರಿಂದ ಯುರೋಪಿನ ಹೊರಗಿನವರಿಗೆ ಫೀಸ್ ಹಾಕಿದೆ.

ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಈಗಲೂ ಫೀಸ್ ಇಲ್ಲ. ಸ್ಟುಟ್‌ಗಾರ್ಟ್ ಕಡೆಯಾದರೆ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಆದರೆ ಊಟ, ಬಾಡಿಗೆ? ಅದಕ್ಕೆಂದು ವೀಸಾ ಕೊಡುವ ಮೊದಲೇ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಿಸುತ್ತಾರೆ. ಹನ್ನೊಂದು ಲಕ್ಷ ರೂಪಾಯಿಗೂ ಮೇಲೆ. ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿನ್ನ ಕೈಗೆ ಬಿಡುತ್ತಾರೆ. ಸರ್ಕಾರದ ದುಡ್ಡು ಅಂತ ಅಣ್ಣ ತಿಳಿದುಕೊಂಡಿರುವುದು ಇದನ್ನೇ ಇರಬೇಕು. ಅದು ಅವನದೇ ದುಡ್ಡು, ಮಗಳೇ. ನಮ್ಮ ಸರ್ಕಾರದ ಓದಿನ ಸಾಲದ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯ ಬಡ್ಡಿ ರಿಯಾಯಿತಿಯನ್ನೂ ನೆಚ್ಚಬೇಡ, ಅದು ನಮ್ಮ ದೇಶದಲ್ಲೇ ಓದುವವರಿಗೆ.

ಹಾಗಂತ ಆಸೆ ಬಿಡು ಎನ್ನುತ್ತಿಲ್ಲ. ಹೊರಗಿನವರಿಗೆಂದೇ ಜರ್ಮನಿಯವರು ಕೊಡುವ ಸ್ಕಾಲರ್‌ಶಿಪ್ ಇದೆ, ಡಾಡ್ ಸಂಸ್ಥೆಯದು. ಅದರಲ್ಲಿ ಎಪೋಸ್ ಎಂಬುದು ನಿನಗೆ ಹೇಳಿ ಮಾಡಿಸಿದಂತಿದೆ. ನೀರಿನ ನಿರ್ವಹಣೆ, ನಗರ ಯೋಜನೆ ಮುಂತಾದ ಕೋರ್ಸುಗಳಿಗೆ ತಿಂಗಳ ಖರ್ಚು ಕೊಡುತ್ತಾರೆ, ಅದನ್ನು ವಾಪಸ್ ಕಟ್ಟಬೇಕಿಲ್ಲ. ಆದರೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕೇ ಬೇಕು. ಸಿವಿಲ್ ಮುಗಿಸಿದವಳು ನೀನು. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ನೀರಿನ ಕೆಲಸಕ್ಕೇ ಸೇರಿಕೋ. ಸಂಬಳ ಕಡಿಮೆಯಾದರೂ ಪರವಾಗಿಲ್ಲ. ಎರಡು ವರ್ಷ ಹಾಳಾಯಿತು ಅನ್ನಿಸಬಹುದು. ನನಗಂತೂ ಹಾಗನ್ನಿಸುವುದಿಲ್ಲ. ಜರ್ಮನ್ ಭಾಷೆಯನ್ನೂ ಈಗಲೇ ಶುರು ಮಾಡು, ವಾರಕ್ಕೆ ಎರಡು ಸಂಜೆ ಫೋನಿನಲ್ಲಿ ನಾನೇ ಹೇಳಿಕೊಡುತ್ತೇನೆ.

ನಿನ್ನ ಮಾರ್ಕ್ಸ್ ಕಾರ್ಡ್‌ಗಳನ್ನು ಸ್ಕ್ಯಾನ್ ಮಾಡಿ ಈ ವಾರವೇ ಕಳಿಸು. ತೋಟದ ಪತ್ರ ಬೀರುವಿನಲ್ಲೇ ಇರಲಿ, ಅಣ್ಣನಿಗೆ ನಾನು ಹೇಳುತ್ತೇನೆ.

ನಿನ್ನ ಅತ್ತೆ