ಹಾಡು, ಗಿಟಾರ್ ಒಟ್ಟಿಗೇ ಇರಲಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಗಿಟಾರ್ ಬೇರೆ, ಹಾಡು ಬೇರೆ ಮಾಡಿ, ಒಟ್ಟಿಗೆ ಮಾಡಿದರೆ ಕೆಡುತ್ತದೆ ಅಂತ ಇತ್ತು. ನಾನು ಒಪ್ಪುವುದಿಲ್ಲ.

ನಾನು ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಸಂಜೆ ಗಿಟಾರ್ ಹಿಡಿದು ಭಾವಗೀತೆ ಹಾಡುವ ಹುಚ್ಚು. ಹೋದ ವರ್ಷ ಪೇಟೆಯ ಒಂದು ಸ್ಟುಡಿಯೋದಲ್ಲಿ ಹಾಗೇ ಮಾಡಿಸಿದರು. ಮೊದಲು ಬರೀ ಗಿಟಾರ್, ಆಮೇಲೆ ಹೆಡ್‌ಫೋನ್ ಹಾಕಿ ಹಾಡು. ಸಾಲಿನ ಕೊನೆಗೆ ಉಸಿರಿಗೆ ನಾನು ನಿಂತರೆ ಕೈಯೂ ನಿಲ್ಲುವುದು ರೂಢಿ. ಅಲ್ಲಿ ಗಿಟಾರ್ ಕಾಯಲೇ ಇಲ್ಲ, ಲಾಸ್ಟ್ ಬಸ್ಸಿನ ಹಾಗೆ ಹೊರಟೇ ಹೋಯಿತು.

ಹಾಡಿಗೊಂದು, ಗಿಟಾರಿಗೊಂದು ಅಂತ ಎರಡು ಕಾರ್ಡಿಯಾಯ್ಡ್ ಮೈಕ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವಂಥದ್ದು) ತಂದು ಮನೆಯಲ್ಲೇ ಕೂತೆ. ಮೊದಲ ದಿನ ಕಣ್ಣಂದಾಜಿನಲ್ಲಿ ಎದುರಿಗೆ ನಿಲ್ಲಿಸಿದ್ದೆ. ಒಂದನ್ನೇ ಕೇಳಿದರೆ ದನಿ ತುಂಬಿಕೊಂಡಿತ್ತು. ಎರಡನ್ನೂ ಸೇರಿಸಿದರೆ ಕೊಡಪಾನದೊಳಗಿಂದ ಹಾಡಿದ ಹಾಗೆ! ಮೈಕಿನ ದೋಷವಲ್ಲ ಅದು. ನನ್ನ ದನಿ ಎರಡಕ್ಕೂ ಬೀಳುತ್ತದೆ, ಆದರೆ ಒಂದೇ ಹೊತ್ತಿಗಲ್ಲ. ಶಬ್ದ ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು 34 ಸೆಂ.ಮೀ. ಅಷ್ಟು ತಡವಾದರೆ ಸಾಕು, 500 ಹರ್ಟ್ಸ್ ಸುತ್ತಮುತ್ತ ಒಂದು ಅಲೆ ಇನ್ನೊಂದನ್ನು ಒರೆಸಿ ಹಾಕುತ್ತದೆ. ದನಿಯ ಮೈ ಇರುವುದೇ ಅಲ್ಲಿ, ಅಲ್ವಾ?

ಆಮೇಲೆ ಗೇಣು ಹಾಕಿ ಅಳೆದೆ. ಬಾಯಿಯಿಂದ ಹಾಡಿನ ಮೈಕಿಗೆ ಒಂದು ಗೇಣು, ಗಿಟಾರಿನ ಮೈಕಿಗೆ ಮೂರು ಗೇಣು. ಅಷ್ಟು ದೂರವಿದ್ದರೆ ಗಿಟಾರಿನ ಮೈಕಿಗೆ ದನಿ ಮೆಲ್ಲಗೆ ಬೀಳುತ್ತದೆ, ತಡವಾದರೂ ಒರೆಸುವಷ್ಟು ಬಲ ಇರುವುದಿಲ್ಲ. ಇದಕ್ಕಿಂತ ಹತ್ತಿರ ಬಂದರೆ ಜಗಳ ಶುರು. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಕಡೆ ಕಿವಿ ಮಂದ. ಹಾಗಾಗಿ ಹಾಡಿನದನ್ನು ಗಲ್ಲದ ಮಟ್ಟದಲ್ಲಿಟ್ಟು ಬಾಯಿಯತ್ತ ಮೇಲೆ ಮುಖ ಮಾಡಿದೆ. ಗಿಟಾರಿನದನ್ನು 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ತುಸು ಕೆಳಕ್ಕೆ ಬಗ್ಗಿಸಿ, ಅದರ ಬೆನ್ನು ನನ್ನ ಬಾಯಿಗೆ ಬರುವ ಹಾಗೆ ಇಟ್ಟೆ. ಕೊನೆಗೆ ಒಂದು ಟ್ರ್ಯಾಕಿನ ಫೇಸ್ ಬಟನ್ (ಅಲೆಯನ್ನು ತಲೆಕೆಳಗು ಮಾಡುವ ಗುಂಡಿ) ಒತ್ತಿ ನೋಡುವುದು. ಯಾವುದರಲ್ಲಿ ದನಿ ದಪ್ಪ ಕೇಳುತ್ತದೋ ಅದೇ ಸರಿ.

ಕಷ್ಟ ಇಲ್ಲವೆಂದಲ್ಲ. ಒಂದು ಸಾಲು ತಪ್ಪಿದರೆ ಅದನ್ನು ಮಾತ್ರ ತಿದ್ದಲಾಗದು, ಗಿಟಾರಿನ ಮೈಕಿನಲ್ಲೂ ತಪ್ಪು ಕೂತಿರುತ್ತದೆ. ಮತ್ತೆ ಮೊದಲಿಂದ ಹಾಡಬೇಕು. ಆಟಿಯ ಮಳೆ ಹಂಚಿಗೆ ಬಿದ್ದರೆ ಎಲ್ಲ ಬಂದ್. ಅಡಿಕೆ ಗೋಣಿ ಪೇರಿಸಿಟ್ಟ ಕೋಣೆಯಲ್ಲಿ ಹಾಡುತ್ತೇನೆ, ಗೋಡೆಯಿಂದ ತಿರುಗಿ ಬರುವ ಸದ್ದು ಕಡಿಮೆ.

ಏಳನೇ ಸಲ ಸರಿಯಾಯಿತು. ಎರಡನೇ ಚರಣದ ಮುಂಚೆ ನಾನು ಉಸಿರಿಗೆ ನಿಂತ ಕಡೆ ತೋಟದ ನವಿಲು ಕೂಗಿದೆ. ಎರಡೂ ಮೈಕಿನಲ್ಲಿದೆ. ತೆಗೆದಿಲ್ಲ.

– ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು