ಹಡರ್ಸ್‌ಫೀಲ್ಡ್‌ನಲ್ಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಓದಿನ ಜೊತೆಗೆ ಸಂಜೆ ಹೊತ್ತು ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿರುವುದನ್ನು ನೆಂಟರಿಗೆ ಹೇಳಬೇಡಿ ಎಂದು ಬರೆದಿದ್ದೀಯಲ್ಲ, ಅದು ನನ್ನ ಮನಸ್ಸನ್ನು ಕೊರೆಯುತ್ತಿದೆ. ನೀನಿರುವ ಊರಿನಲ್ಲಂತೂ ದುಡಿಮೆಗೆ ಮುಚ್ಚುಮರೆ ಬೇಡ. ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ಜಾರ್ಜ್ ಹೋಟೆಲಿನ ಕಟ್ಟಡವಿದೆ. 1895ರ ಆಗಸ್ಟ್ 29ರಂದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿ ಆಟದ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಅಲ್ಲಿ ಸಭೆ ಸೇರಿ, ಆ ಆಟದ ಹಳೆಯ ಒಕ್ಕೂಟವನ್ನು ಬಿಟ್ಟು ನಾರ್ದರ್ನ್ ಯೂನಿಯನ್ ಕಟ್ಟಿದವು. ಜಗಳ ಕೂಲಿಯದು. ಗಿರಣಿ, ಗಣಿಗಳ ಕೆಲಸಗಾರರು ಶನಿವಾರ ಆಡಲು ಹೋದರೆ ಸಂಬಳ ಖೋತಾ ಆಗುತ್ತಿತ್ತು. ಅದನ್ನು ತುಂಬಿಕೊಡೋಣ ಎಂದರೆ, ಹಣ ಮುಟ್ಟಿದರೆ ಆಟ ಮೈಲಿಗೆ ಎಂದರು ಸಂಬಳದ ಹಂಗಿಲ್ಲದವರು. ಇಂದಿನ ರಗ್ಬಿ ಲೀಗ್ ಹುಟ್ಟಿದ್ದು ಹೀಗೆ.

ಆ ಆಟದ ಹೆಸರಾಂತ ಆಟಗಾರ ಹೆರಾಲ್ಡ್ ವ್ಯಾಗ್‌ಸ್ಟಾಫ್ ನಿನ್ನ ಪಕ್ಕದ ಹೋಮ್‌ಫರ್ತ್‌ನವನು, 1891ರಲ್ಲಿ ಹುಟ್ಟಿದವನು. ಐದು ಚಿನ್ನದ ನಾಣ್ಯ ಪಡೆದು ಹಡರ್ಸ್‌ಫೀಲ್ಡ್ ಕ್ಲಬ್ ಸೇರಿ, 1906ರ ನವೆಂಬರಿನಲ್ಲಿ ಮೊದಲ ಪಂದ್ಯ ಆಡಿದಾಗ ಅವನಿಗಿನ್ನೂ ಹದಿನೈದು. ತಂಡಕ್ಕೆ ಹದಿನೈದರ ಬದಲು ಹದಿಮೂರೇ ಜನ ಎಂಬ ನಿಯಮ ಬಂದದ್ದೂ ಅದೇ ವರ್ಷ. ಮೈದಾನದಲ್ಲಿ ಜಾಗ ಹೆಚ್ಚಿತು. ಚೆಂಡನ್ನು ಸುಮ್ಮನೆ ಒದೆಯದೆ ಕೈಯಿಂದ ಕೈಗೆ ದಾಟಿಸುತ್ತ ಓಡುವವರ ಕಾಲ ಬಂತು. ಆ ಕಲೆಯಲ್ಲಿ ಅವನು ಎಷ್ಟು ಪಳಗಿದನೆಂದರೆ ಜನ ಅವನನ್ನು ಸೆಂಟರ್ ಆಟಗಾರರ, ಅಂದರೆ ಹಿಂದಿನ ಸಾಲಿನ ನಡುವೆ ಆಡುವವರ, ರಾಜಕುಮಾರ ಎಂದು ಕರೆದರು. ಹದಿನೇಳಕ್ಕೇ ಇಂಗ್ಲೆಂಡ್ ಪರ ಆಡಿದ. ಅವನ ನಾಯಕತ್ವದಲ್ಲಿ ಹಡರ್ಸ್‌ಫೀಲ್ಡ್ 1914-15ರಲ್ಲಿ ನಾಲ್ಕು ಕಪ್‌ಗಳನ್ನೂ ಗೆದ್ದಿತು.

ನನಗೆ ಇವೆಲ್ಲಕ್ಕಿಂತ ದೊಡ್ಡದು 1914ರ ಜುಲೈ 4ರಂದು ಆಸ್ಟ್ರೇಲಿಯಾ ವಿರುದ್ಧ ನಡೆದ ಸಿಡ್ನಿ ಪಂದ್ಯ. ಬ್ರಿಟಿಷ್ ತಂಡದ ನಾಯಕನಾಗಿ ಹೋಗಿದ್ದ ಅವನಿಗೆ ಆಗ ಇಪ್ಪತ್ಮೂರು. ಎಂಟು ದಿನಗಳಲ್ಲಿ ಮೂರನೆಯ ಟೆಸ್ಟ್ ಅದು. ಗಾಯಾಳುಗಳಿಗೆ ವಿಶ್ರಾಂತಿ ಸಿಗದೆಂದು ಬ್ರಿಟಿಷರು ಪ್ರತಿಭಟಿಸಿದರೂ ತಾಯ್ನಾಡಿನಿಂದ ಆಡಿ ಎಂದೇ ತಂತಿ ಬಂತು. ಬದಲಿ ಆಟಗಾರರಿಲ್ಲದ ಕಾಲ. ಫ್ರಾಂಕ್ ವಿಲಿಯಮ್ಸ್ ಕಾಲು ಉಳುಕಿ ಹೊರಗೆ. ಡಗ್ಲಾಸ್ ಕ್ಲಾರ್ಕ್ ಕೊರಳೆಲುಬಿಗೆ ಪೆಟ್ಟಾಗಿ ಹೊರಗೆ. ಬಿಲ್ಲಿ ಹಾಲ್ ತಲೆಗೆ ಏಟು ಬಿದ್ದು ಹೊರಗೆ. ಹದಿಮೂರು ಜನರೆದುರು ಹತ್ತೇ ಜನ! ಆ ಹೊತ್ತಿನಲ್ಲಿ ವ್ಯಾಗ್‌ಸ್ಟಾಫ್ ಎದುರಾಳಿಗಳ ಸಾಲು ಸೀಳಿ ಚೆಂಡನ್ನು ಚಿಕ್ ಜಾನ್ಸನ್‌ಗೆ ಕೊಟ್ಟ. ಜಾನ್ಸನ್ ಮುಂಚೂಣಿಯಲ್ಲಿ ಗುದ್ದಾಡುವ ಆಟಗಾರ, ಅಂದು ಜನ ಸಾಲದೆ ಅಂಚಿಗೆ ಬಂದಿದ್ದವನು. ಚೆಂಡನ್ನು ನೆಲಕ್ಕೆ ಹಾಕಿ ಕಾಲಿನಿಂದಲೇ ತಳ್ಳಿಕೊಂಡು ಗೆರೆ ದಾಟಿಸಿ ಅಂಕ ಗಳಿಸಿಬಿಟ್ಟ. 14-6ರಿಂದ ಗೆದ್ದರು. ಸಣ್ಣ ಬ್ರಿಟಿಷ್ ಪಡೆಯೊಂದು ದೊಡ್ಡ ಜುಲು ಸೈನ್ಯವನ್ನು ತಡೆದು ನಿಂತ, ದಕ್ಷಿಣ ಆಫ್ರಿಕಾದ ರೋರ್ಕ್ಸ್ ಡ್ರಿಫ್ಟ್ ಯುದ್ಧದ ಹೆಸರನ್ನೇ ಆ ಪಂದ್ಯಕ್ಕೆ ಇಟ್ಟರು. ನನಗೆ ಆ ಹೆಸರು ಹಿಡಿಸುವುದಿಲ್ಲ. ಜುಲು ಜನರ ನೆಲದ ಮೇಲೆ ದಂಡೆತ್ತಿ ಹೋದವರ ಯುದ್ಧಕ್ಕೂ ಈ ಹತ್ತು ಜನರ ಹೋರಾಟಕ್ಕೂ ಹೋಲಿಕೆ ಸಲ್ಲದು.

ಮರುತಿಂಗಳೇ ಮಹಾಯುದ್ಧ. ಅವನೂ ಸೈನ್ಯಕ್ಕೆ ಸೇರಿದ. ಯುದ್ಧ ಮುಗಿದ ಮೇಲೆ 1920ರಲ್ಲಿ ಮತ್ತೆ ನಾಯಕನಾಗಿ ಆಸ್ಟ್ರೇಲಿಯಾಕ್ಕೆ ಹೋದ. ಹಡರ್ಸ್‌ಫೀಲ್ಡ್ ಒಂದಕ್ಕೇ ನಾನೂರಕ್ಕೂ ಹೆಚ್ಚು ಪಂದ್ಯ ಆಡಿದವನು 1939ರಲ್ಲಿ, ನಲವತ್ತೆಂಟಕ್ಕೇ ತೀರಿಕೊಂಡ. 1988ರಲ್ಲಿ ಶ್ರೇಷ್ಠ ಆಟಗಾರರನ್ನು ಗೌರವಿಸುವ ರಗ್ಬಿ ಲೀಗ್ ಹಾಲ್ ಆಫ್ ಫೇಮ್ ಆರಂಭವಾದಾಗ ಮೊದಲ ಪಟ್ಟಿಯಲ್ಲೇ ಅವನ ಹೆಸರಿತ್ತು.

ನಿನ್ನ ಕೆಲಸದ ವಿಷಯವನ್ನು ಅಜ್ಜಿಗೆ ನಾನೇ ಹೇಳಿದೆ. ಸಂಬಳ ಸಮಯಕ್ಕೆ ಸರಿಯಾಗಿ ಕೊಡುತ್ತಾರೆಯೇ ಎಂದಷ್ಟೇ ಕೇಳಿದರು. ಅದಕ್ಕೆ ಉತ್ತರ ಬರೆ.

ನಿನ್ನ
ಅಪ್ಪ