ದಾರ ಹಿಡಿದು ಹಳ್ಳ ಅಳೆದೆ

ಅಪ್ಪನಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ‘ಅಲ್ಲಿ ಏನು ಓದ್ತೀಯ, ಬಿಡಿಸಿ ಹೇಳು’ ಅಂತ ಫೋನಿನಲ್ಲಿ ಕೇಳಿದಿರಿ. ಆಗ ತಡವರಿಸಿದೆ. ಬರೆಯುವುದೇ ಸುಲಭ.

ಈ ವಾರ ಹಳ್ಳ ಅಳೆದೆ. ನಗಬೇಡಿ. ಇಂಗ್ಲೆಂಡಿನ ಡಾರ್ಸೆಟ್ ಕಡೆಯ ನಕ್ಷೆ ಕೊಟ್ಟಿದ್ದರು. ಒಂದು ಹೊಳೆಗೆ ಎಲ್ಲೆಲ್ಲಿಂದ ನೀರು ಇಳಿಯುತ್ತದೋ ಅಷ್ಟು ಜಾಗಕ್ಕೆ ಗುಡ್ಡದ ನೆತ್ತಿ ಹಿಡಿದು ಗಡಿ ಎಳೆಯಬೇಕು. ಒಳಗಿನ ನೀಲಿ ಗೆರೆಗಳ ಮೇಲೆ ಒದ್ದೆ ದಾರ ಕೂರಿಸಬೇಕು. ಒಣ ದಾರ ತಿರುವಿನಲ್ಲಿ ನಿಲ್ಲದೆ ಜಾರುತ್ತದೆ. ಆಮೇಲೆ ದಾರವನ್ನು ಸ್ಕೇಲಿಗೆ ಹಿಡಿಯುವುದು. ಕಂಪ್ಯೂಟರ್‌ಗೆ ಇದು ಚಿಟಿಕೆ ಕೆಲಸ, ಆದರೆ ಮೊದಲು ಕೈಯಲ್ಲೇ ಮಾಡಿ ಅಂತ ಮೇಷ್ಟ್ರ ಹಟ.

ಹಳ್ಳಗಳ ಒಟ್ಟು ಉದ್ದವನ್ನು ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಡ್ರೈನೇಜ್ ಡೆನ್ಸಿಟಿ. ಅಮೆರಿಕದ ಹಾರ್ಟನ್ ಎಂಬ ಇಂಜಿನಿಯರ್ 1932ರಲ್ಲಿ ಹಾಕಿಕೊಟ್ಟ ಲೆಕ್ಕ.

ನಕ್ಷೆಯಲ್ಲಿ 4 ಸೆಂ.ಮೀ. ಅಂದರೆ 1 ಕಿ.ಮೀ. ದಾರ 58 ಸೆಂ.ಮೀ. ಬಂತು, ಅಂದರೆ ಹದಿನಾಲ್ಕೂವರೆ ಕಿ.ಮೀ. ಜಾಗ 464 ಚದರ ಸೆಂ.ಮೀ. ಅದನ್ನೂ 4ರಿಂದಲೇ ಭಾಗಿಸಿಬಿಟ್ಟೆ. ಉತ್ತರ 0.12 ಅಂತ ಜಂಬದಿಂದ ಹೇಳಿದೆ, ಕ್ಲಾಸೆಲ್ಲ ನಕ್ಕಿತು. ಚದರಕ್ಕೆ 16 ಅಲ್ವಾ! ಗದ್ದೆ ಅಳೆಯುವ ನಿಮಗಾದರೆ ತಪ್ಪುತ್ತಿರಲಿಲ್ಲ. 29 ಚದರ ಕಿ.ಮೀ., ಸರಿ ಉತ್ತರ 0.5. ಅಂದರೆ ಒಂದು ಚದರ ಕಿ.ಮೀ. ಜಾಗಕ್ಕೆ ಅರ್ಧ ಕಿ.ಮೀ. ಹಳ್ಳ.

ಇದು ಕಡಿಮೆಯೇ. ಅಲ್ಲಿನ ನೆಲ ಬೆಳ್ಳಗಿನ ಸೀಮೆಸುಣ್ಣದ ಕಲ್ಲು, ಮಳೆಯನ್ನು ಕುಡಿದುಬಿಡುತ್ತದೆ. ಜೇಡಿನೆಲದಲ್ಲಿ ನೀರು ಇಂಗದೆ ಮೇಲೇ ಓಡಿ ಕೊರೆಯುತ್ತದೆ, ಹಳ್ಳ ಜಾಸ್ತಿ, ನೆರೆಯೂ ಬೇಗ ಏರುತ್ತದೆ.

ಆದರೆ ಅಲ್ಲಿ ಚಳಿಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳಿವೆ, ವಿಂಟರ್‌ಬೋರ್ನ್ ಅಂತ. ಕಲ್ಲಿನೊಳಗಿನ ನೀರು ಮೇಲೇರಿದಾಗ ಏಳುತ್ತವೆ, ಬೇಸಿಗೆಗೆ ಮಾಯ. ವಿಂಟರ್‌ಬೋರ್ನ್ ಸ್ಟಿಕ್‌ಲ್ಯಾಂಡ್, ವಿಂಟರ್‌ಬೋರ್ನ್ ಕಿಂಗ್‌ಸ್ಟನ್ ಅಂತ ಊರುಗಳೇ ಇವೆ. ಅಂಥವನ್ನೂ ಸೇರಿಸಿದೆ. ಇನ್ನೂ 8.7 ಕಿ.ಮೀ. ಕೂಡಿ ಉತ್ತರ 0.8 ಆಯಿತು. ಯಾವುದು ಸರಿ ಅಂದರೆ ಮೇಷ್ಟ್ರು, ‘ಎರಡೂ ಸರಿ, ಯಾವುದನ್ನು ಎಣಿಸಿದೆ ಅಂತ ಬರೆ’ ಅಂದರು.

ಆಗ ನಮ್ಮ ತೋಟದ ಹಿಂದಿನ ಹಳ್ಳ ನೆನಪಾಯಿತು. ಶಿವರಾತ್ರಿ ಹೊತ್ತಿಗೆ ಒಣಗುವ ಅದನ್ನು ಹಳ್ಳ ಅನ್ನಬೇಕೋ ಬೇಡವೋ? ನನಗೊಂದು ಉಪಕಾರ ಮಾಡಿ. ಕಾಲುಸಂಕದ ಕೆಳಗೆ ನೀರು ಹರಿಯುವುದು ನಿಂತ ದಿನವನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಮ್ಮ ಹಾಲಿನ ಲೆಕ್ಕ ಬರೆಯುವ ಜಾಗ ಬಿಟ್ಟು.

ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ